ಅತ್ತೆಯ ಹೊರಸಿನ ಕೆಳಗೆ ಬಾಸ್

ಹೊಸ ಸ್ಪೀಕರಿನಲ್ಲಿ ಬಾಸ್, ಆ ಗುಂ ಎನ್ನುವ ತಗ್ಗು ದನಿ, ಬರುತ್ತಿಲ್ಲವೆಂದು ವಾಡಿಯ ಮಲ್ಲಪ್ಪ ಸ್ಪೀಕರ್ ರಿಪೇರಿ ಮಾಡುವ ನನ್ನನ್ನು ಕರೆಸಿದ. ಗೆಳೆಯರ ಮುಂದೆ ಬಡಾಯಿ ಕೊಚ್ಚಿಕೊಂಡಿದ್ದ; ಸಂಜೆ ಅವರು ಕೇಳಲು ಬರುವವರಿದ್ದರು.

ಸ್ಪೀಕರ್ ಸರಿಯಿತ್ತು, ಇಟ್ಟ ಜಾಗ ತಪ್ಪಿತ್ತು. ಅವನು ಕೂರುವ ಕುರ್ಚಿಯ ಮೇಲೆ ಸ್ಪೀಕರ್ ಇಟ್ಟು ಹಾಡು ಹಚ್ಚಿದೆ.

"ಈಗ ಗ್ವಾಡಿಗುಂಟ ಅಂಬೆಗಾಲಿಡ್ರಿ. ಎಲ್ಲಿ ಎದಿ ನಡುಗ್ತದೋ ಅಲ್ಲೇ ಸ್ಪೀಕರಿನ ಜಾಗ."

"ನೀವೇ ಹರದಾಡ್ರಿ, ಕಾಕಾ."

"ನನ್ನ ಮೊಣಕಾಲು ಮುಗದಾವ."

ಮಲ್ಲಪ್ಪ ಫರ್ಸಿ ನೆಲದ ಮೇಲೆ ಹರಿದಾಡುತ್ತ ಹೋದ. ಮೂಲೆಯಲ್ಲಿ ಅವನ ಅತ್ತೆ ಕೂತಿದ್ದ ಹೊರಸಿನ ಕೆಳಗೆ ತಲೆ ತೂರಿಸಿ, "ಸಿಕ್ತು!" ಎಂದು ಕೂಗಿದ.

ಅತ್ತೆ ಗಾಬರಿಯಿಂದ ಕಾಲು ಮೇಲೆಳೆದುಕೊಂಡರು. "ಏನ್ ಕಳಕೊಂಡಿರಿ, ಅಳಿಯಂದ್ರೇ?"

"ಇಲ್ಲಿ ಸ್ಪೀಕರ್ ಇಡಲೇನ್ರಿ, ಅತ್ತಿ?"

"ಇಡ್ರಿ. ನಾ ಇವತ್ತೇ ನಮ್ಮೂರಿಗಿ ಹೊಂಟೆ."

ಅಡುಗೆಮನೆಯಲ್ಲಿ ಅವನ ಹೆಂಡತಿ ಕೆಮ್ಮಿದಳು. ಮಲ್ಲಪ್ಪ ನನ್ನ ಮುಖ ನೋಡಿದ.

"ಸ್ಪೀಕರ್ ಕುರ್ಚಿ ಮ್ಯಾಲೇ ಇರಲಿ. ನೀವು ಇಲ್ಲಿ ಕುಂದ್ರಿ. ಬಾಸ್ ಅಷ್ಟೇ ಬರ್ತದ," ಎಂದೆ.

ಸಂಜೆ ಗೆಳೆಯರೆಲ್ಲ ಅತ್ತೆಯ ಕಾಲ ಬಳಿ ನೆಲದ ಮೇಲೆ ಒತ್ತಿಕೊಂಡು ಕೂತರಂತೆ. ಬಾಸ್ ಭರ್ಜರಿ ಇತ್ತಂತೆ. ಹಾಡು ಮಾತ್ರ ಅತ್ತೆ ಹಚ್ಚಲು ಹೇಳಿದ್ದೇ.