ಕಂಬಳಿಯ ಮೇಲೆ ಬೂಟು

ಮಿತ್ರರೇ, ಅತೀವ ವಿಷಾದದಿಂದ ತಿಳಿಸುವುದೇನೆಂದರೆ, ದೊಡ್ಡೇರಿಯ ನಮ್ಮ ಸೋದರಮಾವನಿಗೂ ಯುರೋಪಿನ ಒಂದು ಕಂಪನಿಗೂ ನಡೆಯುತ್ತಿದ್ದ ವಾಣಿಜ್ಯ ಮಾತುಕತೆ ಇಂದು ಬೆಳಗ್ಗೆ ಮುರಿದುಬಿತ್ತು. ಮಾವ ಕುರಿ ಉಣ್ಣೆಯ ಕಂಬಳಿ ನೇಯುವವರು. ಅಂಗಡಿಗೆ ಅಗ್ಗದ ರಗ್ಗು ಬಂದ ಮೇಲೆ ಮಗ್ಗ ಹೆಚ್ಚೂಕಮ್ಮಿ ನಿಂತೇ ಇತ್ತು. ಈ ಆರ್ಡರು ಸಿಕ್ಕಿದ್ದರೆ ಮತ್ತೆ ಆಡುತ್ತಿತ್ತು. ದುಭಾಷಿ ನಾನೇ.

ನಾವು ಕಳಿಸಿದ್ದ ಮಾದರಿ ಕಂಬಳಿ ತಮ್ಮ ಮನೆಯಲ್ಲಿ ಎಷ್ಟು ಚೆಂದ ಕಾಣುತ್ತದೆಂದು ಕಂಪನಿಯಾಕೆ ವಿಡಿಯೊ ಕಾಲಿನಲ್ಲಿ ಖುಷಿಯಿಂದ ತೋರಿಸಿದರು. ಅದು ಬಾಗಿಲ ಬಳಿ ನೆಲದ ಮೇಲಿತ್ತು. ಅದರ ಮೇಲೆ ಒಂದು ಜೊತೆ ಬೂಟು.

"ಲೇ, ದೇವ್ರನ್ನ ಕೂರ್ಸೋ ಕಂಬ್ಳಿ ಮ್ಯಾಲೆ ಕೆರ ಮಡಗವ್ಳಲ್ಲೋ. ಅದು ಹೊದ್ಕಳಕ್ಕೆ ಅಂತ ಹೇಳ್ಲಾ," ಎಂದರು ಮಾವ.

ಹೇಳಿದೆ. "ಇಲ್ಲಿ ಮನೆಗಳೇ ಬೆಚ್ಚಗಿರುತ್ತವೆ, ಹೊದಿಕೆ ಯಾರೂ ಕೊಳ್ಳುವುದಿಲ್ಲ. ನಮಗೆ ಕಾಲೊರಸೇ ಬೇಕು," ಎಂದರು ಆಕೆ, ಪಾಪ, ಬೇಸರದಿಂದಲೇ.

"ಅಂಗಾರೆ ಬ್ಯಾಡ ಬುಡು," ಎಂದು ಮಾವ ಎದ್ದು ಹೋದರು.

ಆರ್ಡರಿಗೆಂದು ನೂತಿಟ್ಟಿದ್ದ ಉಣ್ಣೆಯ ಮುಂದೆ ಕೂತ ಅತ್ತೆ ಹೇಳಿದರು: "ದೇವ್ರ ಮಾನ ಉಳೀತು ಕಣ್ಲಾ. ಮಗ್ಗಕ್ಕೆ ಕೆಲ್ಸ ಇನ್ನು ಆ ದೇವ್ರೇ ಹುಡುಕ್ಲಿ."

ಈ ಹೇಳಿಕೆಗೆ ಕಂಪನಿಯಿಂದಾಗಲಿ ದೇವರಿಂದಾಗಲಿ ಸಂಜೆಯವರೆಗೂ ಪ್ರತಿಕ್ರಿಯೆ ಬಂದಿಲ್ಲ.