ದೊಡ್ಡಕ್ಕನ ಭುಜದೊಳಗಿನ ಬಿಳಿ ಗಂಟು

ಹೆಂಗಸರ ಕೂದಲು ಕತ್ತರಿಸುವುದರಲ್ಲಿ ದೊಡ್ಡಕ್ಕನದು ಎತ್ತಿದ ಕೈ ಎಂದು ಬೀದಿಗೆಲ್ಲ ಗೊತ್ತಿತ್ತು. ಒಂದು ಬೆಳಿಗ್ಗೆ ಆ ಬಲಗೈ ಎದೆಮಟ್ಟಕ್ಕಿಂತ ಮೇಲೇಳದೆ ಹೋಯಿತು. ಎಕ್ಸ್‌ರೇಯಲ್ಲಿ ನೋಡಿದರೆ ಭುಜದೊಳಗೆ ಕಡಲೆಬೀಜದಷ್ಟು ಬಿಳಿ ಗುರುತು.

“ಕ್ಯಾಲ್ಸಿಯಂ ಕಟ್ಕೊಂಡಿದೆ,” ಎಂದರು ಡಾಕ್ಟರು.

“ನಾನು ಹಾಲೇ ಮುಟ್ಟಲ್ವಲ್ಲ ಡಾಕ್ಟ್ರೇ, ಎಲ್ಲಿಂದ ಬಂತು?”

“ಹಾಲಿಗೂ ಇದಕ್ಕೂ ಸಂಬಂಧ ಇಲ್ಲಮ್ಮ. ಈಗ್ಲೇ ಆಪರೇಷನ್ ಏನೂ ಬೇಡ. ನೋವಿನ ಮಾತ್ರೆ, ಐಸು, ವ್ಯಾಯಾಮ. ಎಷ್ಟೋ ಜನಕ್ಕೆ ತಾನಾಗೇ ಕರಗುತ್ತೆ. ಕರಗದಿದ್ರೆ ಬೇರೆ ದಾರಿ ಇದೆ. ಸದ್ಯಕ್ಕೆ ಕತ್ತರಿ ಬಿಡಿ.”

ಕತ್ತರಿ ಹೋದದ್ದು ಮೈದುನನ ಹೆಂಡತಿಯ ಕೈಗೆ. ಗಿರಾಕಿಗಳ ಬಾಯಲ್ಲಿ ಚಿಕ್ಕಕ್ಕನಾಗಿದ್ದ ಅವಳು ಅಂಗಡಿಯಲ್ಲಿ ಅದುವರೆಗೆ ತಲೆ ತೊಳೆದುಕೊಡುತ್ತಿದ್ದಳು. ಕೆಲಸ ಕಲಿಸಿದವಳು ದೊಡ್ಡಕ್ಕನೇ. ಈಗ ಗಲ್ಲಾದ ಹಿಂದೆ ಕೂತು ಕನ್ನಡಿಯಲ್ಲಿ ವಾರಗಿತ್ತಿಯ ತೋಳನ್ನೇ ನೋಡುತ್ತಿದ್ದಳು. ಎಷ್ಟು ಸಲೀಸಾಗಿ ಮೇಲೇಳುತ್ತಿತ್ತು ಆ ತೋಳು! ಹಳೆಯ ಗಿರಾಕಿ ಟೀಚರಮ್ಮ ಚಿಕ್ಕಕ್ಕನ ಮಾತಿಗೆ ಗೊಳ್ಳೆಂದು ನಕ್ಕಾಗಲಂತೂ ಇವಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು.

“ಹಿಂದುಗಡೆ ಒಂಚೂರು ಓರೆಯಾಗಿದೆ ನೋಡಿ,” ಎಂದಳು, ಓರೆಯಾಗಿರದಿದ್ದರೂ.

ಚಿಕ್ಕಕ್ಕ ತಬ್ಬಿಬ್ಬಾಗಿ ಮತ್ತೆ ಬಾಚಿ ನೋಡಿದಳು. ಟೀಚರಮ್ಮ ಕೈಗನ್ನಡಿ ಹಿಡಿದು, “ನಂಗೇನೋ ಸರಿಯಾಗೇ ಕಾಣುತ್ತೆ ಕಣೇ,” ಎಂದರು. ದೊಡ್ಡಕ್ಕನ ಮುಖ ಸಣ್ಣದಾಯಿತು.

ವ್ಯಾಯಾಮದಿಂದ ಹೆಚ್ಚೇನೂ ಆಗಲಿಲ್ಲ. ಯಂತ್ರದಿಂದ ಭುಜದ ಮೇಲೆ ಟಕಟಕ ಏಟು ಕೊಡುವ ಶಾಕ್‌ವೇವ್ ಚಿಕಿತ್ಸೆಯೂ ಆಯಿತು. ನೋವು ತಗ್ಗಿತೇ ಹೊರತು ಕೈ ಪೂರ್ತಿ ಏಳಲಿಲ್ಲ. ಅಷ್ಟು ದಿನವೂ ಅವಳ ಜಡೆ ಹಾಕುತ್ತಿದ್ದವಳು ಚಿಕ್ಕಕ್ಕನೇ. ಅದೂ ಸಹಿಸಲಾಗುತ್ತಿರಲಿಲ್ಲ. ನೋವಾಗದಂತೆ ಎಷ್ಟು ಹಗುರವಾಗಿ ಬಾಚುತ್ತಾಳಲ್ಲ, ಗಿರಾಕಿಗಳು ಒಲಿಯದೆ ಏನು ಮಾಡಿಯಾರು ಎಂದು ಕುದಿಯುತ್ತಿದ್ದಳು.

ಕೊನೆಗೆ ಭುಜ ಮರಗಟ್ಟಿಸಿ, ಸ್ಕ್ಯಾನಿಂಗ್ ಪರದೆ ನೋಡುತ್ತಲೇ ಸೂಜಿ ಚುಚ್ಚಿ ಒಳಗೆ ತೊಳೆದರು. ಸಿರಿಂಜಿನಲ್ಲಿ ಟೂತ್‌ಪೇಸ್ಟಿನಂಥ ಬಿಳಿ ಬಂತು. ಕೆಲವು ವಾರ ಕಾಡಿದ ನೋವು ಮೆಲ್ಲಗೆ ಇಳಿದು, ಕೈ ತಲೆಯ ಮೇಲಕ್ಕೆ ಹೋಯಿತು.

ಅಂಗಡಿಯಲ್ಲಿ ಮತ್ತೆ ಕತ್ತರಿ ಹಿಡಿದ ದಿನ ಟೀಚರಮ್ಮ ಬಂದರು.

“ನಿನ್ನ ಭುಜಕ್ಕ್ಯಾಕೆ ತೊಂದ್ರೆ? ಚಿಕ್ಕಕ್ಕನೇ ಮಾಡ್ಲಿ ಬಿಡು.”

ಚಿಕ್ಕಕ್ಕ, “ನೀವೇ ಮಾಡಿ ಅಕ್ಕ,” ಎಂದು ಹಿಂದೆ ಸರಿದಳು.

“ಅವರು ಕೇಳಿದ್ದು ನಿನ್ನನ್ನ. ಮಾಡು,” ಎಂದು ದೊಡ್ಡಕ್ಕ ಕತ್ತರಿಯನ್ನು ಅವಳ ಕೈಗಿತ್ತಳು.

ಮುಂದಿನ ವಾರ ಚಿಕ್ಕಕ್ಕನ ಗಿರಾಕಿಗಳಿಗೆಂದು ಇನ್ನೊಂದು ಕುರ್ಚಿ ಬಂತು. ಕಿಟಕಿ ಬಳಿಯ ಒಳ್ಳೆಯ ಬೆಳಕಿನ ಜಾಗವನ್ನು ಮಾತ್ರ ದೊಡ್ಡಕ್ಕ ಬಿಟ್ಟುಕೊಡಲಿಲ್ಲ.