ದಿಲ್ಲಿ ಹೊಡೆದುಹಾಕಿದ ಪುಟ

ಅರವತ್ತರ ದಶಕದಲ್ಲಿ ಬೀಜಾಡಿಯ ನಮ್ಮ ನೆರೆಮನೆಯಲ್ಲಿ ನಿವೃತ್ತ ರಾಯಭಾರಿಗಳೊಬ್ಬರಿದ್ದರು. ಪಂಚೆ ಎತ್ತಿಕಟ್ಟಿ ಬುಟ್ಟಿಯ ಬಂಗುಡೆ ಮೀನು ನೋಡುವಾಗಲೂ ರಾಜನೆದುರು ಬಾಗುವ ಹಾಗೆ ಬಾಗುತ್ತಿದ್ದರು.

ಅವರ ಆತ್ಮಕಥೆ ಅಚ್ಚಿಗೆ ಮೊದಲು ಸರ್ಕಾರದ ಒಪ್ಪಿಗೆಗೆಂದು ದಿಲ್ಲಿಗೆ ಹೋಗಿ, ಮೈತುಂಬ ಕೆಂಪು ಗೆರೆ ಎಳೆಸಿಕೊಂಡು ಬಂತು. ಹೊಡೆದುಹಾಕಿದ್ದನ್ನೆಲ್ಲ ಅವರು ಸಂಜೆ ಜಗಲಿಯಲ್ಲಿ ನಮಗೆ ಹೇಳುತ್ತಿದ್ದರು. "ಬರಿಯೂಕಾಗ, ಹೇಳೂಕ್ ಅಡ್ಡಿಲ್ಲೆ" ಎಂದು ಬೆರಳಿನಿಂದ ಗಾಳಿಯಲ್ಲೊಂದು ಗೆರೆ ಎಳೆಯುತ್ತಿದ್ದರು.

ಒಮ್ಮೆ, ಆ ಗೆರೆಗಳಿಗೆಲ್ಲ ಒಪ್ಪಿದ್ದೇನೆಂದು ಸಹಿ ಹಾಕಿಸಿಕೊಳ್ಳಲು ದಿಲ್ಲಿಯ ಅಧಿಕಾರಿಯೊಬ್ಬ ಬಂದ. ಸಹಿ ಹಾಕದಿದ್ದರೆ ಪುಸ್ತಕವೇ ಇಲ್ಲ. ಅವನೆದುರಿಗೇ ರಾಯಭಾರಿಗಳು, ಅವನಿಗೆ ತಿಳಿಯದ ನಮ್ಮ ಮಾತಿನಲ್ಲಿ, ಹೊಡೆದುಹಾಕಿದ ಕಥೆಯೊಂದನ್ನು ಸುರುಮಾಡಿದರು.

"ಹ್ವಾಯ್, ಕೇಣಿ. ಪರದೇಶದ ಔತಣದಗೆ ನಮ್ ಮಂತ್ರಿಗೆ ಜೋರ್ ನಿದ್ರಿ. ಎಬ್ಸಿದ್ದೇ ತಡ, ಎದ್ದ್ ನಿಂತ್, ಊಟ ಹಾಕ್ದ ದೇಶ ಬಿಟ್ಟ್ ಅದ್ರ ವೈರಿ ದೇಶಕ್ಕೆ ಜೈ ಅಂದ್ರ್!"

ನಾವು ಬಿದ್ದು ಬಿದ್ದು ನಕ್ಕೆವು. ಏನು ವಿಷಯವೆಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮೂರ ಪಟೇಲರೊಬ್ಬರು ಮದುವೆಯೂಟದಲ್ಲಿ ನಿದ್ದೆಹೋಗಿ, ಎದ್ದವರೇ ಉಂಡ ಮನೆಯವರನ್ನು ಬಿಟ್ಟು ಅವರ ದಾಯಾದಿಗಳನ್ನು ಹರಸಿದರು" ಎಂದರು ರಾಯಭಾರಿಗಳು, ಇಂಗ್ಲಿಷಿನಲ್ಲೇ, ಗಂಭೀರವಾಗಿ.

ಅಧಿಕಾರಿ ಕಣ್ಣೊರೆಸಿಕೊಂಡು ನಕ್ಕ. "ಇಷ್ಟು ಚೆಂದದ ಕಥೆ ಪುಸ್ತಕದಲ್ಲಿ ಯಾಕಿಲ್ಲ?"

"ನೀವು ಬಿಡಬೇಕಲ್ಲ!"

"ಇದಕ್ಕೇನು ತಕರಾರು? ಸೇರಿಸಿ."

ರಾಯಭಾರಿಗಳು ತಕ್ಷಣ ಸಹಿ ಹಾಕಿದರು.

ಪುಸ್ತಕ ಬಂದಾಗ ಬಸ್ರೂರಿನಿಂದ ಉಪ್ಪುಂದದವರೆಗೆ ಎಲ್ಲರೂ ಮೊದಲು ಹುಡುಕಿದ್ದು ಆ ಮದುವೆಯೂಟವನ್ನೇ. ಆ ಮಂತ್ರಿಗಳೂ ಓದಿದರಂತೆ. ಅಂಥ ದಡ್ಡ ಪಟೇಲನೂ ಇರುತ್ತಾನೆಯೇ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.